ಕೆಜಿ

ಅಜ್ಮಾನಿನ ಇಂಡಸ್ಟ್ರಿಯಲ್ ಏರಿಯಾ, ಶೆಡ್ಡು ನಂಬರ್ ಒಂಬತ್ತು.
ಹೊರಗೆ ನಲವತ್ತಾರು ಡಿಗ್ರಿ. ಒಳಗೆ
ಹನ್ನೊಂದು ಮೆಷಿನ್ನು, ಓಡುವುದು ನಾಲ್ಕು,
ಮತ್ತು ಗೋಡೆಯುದ್ದಕ್ಕೂ, ತಗಡಿನ ಸೂರಿನವರೆಗೆ,
ಮಕ್ಕಳು ಬಾರದ ಒಂದು ಶಾಲೆ.

ಸಾವಿರದ ಇನ್ನೂರ ಹದಿನೇಳು ಶರ್ಟು.
ತಿಳಿನೀಲಿ, ಕಾಲರಿಗೆ ಕಡುನೀಲಿ ಪಟ್ಟಿ,
ಜೇಬಿನ ಮೇಲೆ ಕಸೂತಿಯ ಖರ್ಜೂರದ ಮರ,
ಬುಡದಲ್ಲಿ ತೆರೆದ ಪುಸ್ತಕ.
ಪುಸ್ತಕದಲ್ಲಿ ಎರಡೇ ಗೆರೆ. ಮೂರನೆಯದನ್ನು
ದಾರ ಉಳಿಯಲಿ ಎಂದು ನಾನೇ ತೆಗೆಸಿದ್ದೆ.

ಏಪ್ರಿಲಿನಲ್ಲಿ ಶಾಲೆ ಕೈ ಬದಲಾಯಿತು.
ಹೊಸಬರಿಗೆ ಮರ ಬೇಡ, ಗಿಡುಗ ಬೇಕು.
ನೀಲಿ ಬೇಡ, ಮರಳಿನ ಬಣ್ಣ.
"ಮರಳಿಗೇನು ಬರವೇ ಇಲ್ಲಿ?" ಎಂದೆ ಫೋನಿನಲ್ಲಿ.
ಆ ಕಡೆ ಯಾರೂ ನಗಲಿಲ್ಲ.

ಮೊದಲು ಹತ್ತಕ್ಕೆ ಇಟ್ಟೆ, ಆಮೇಲೆ ಐದಕ್ಕೆ.
ಶುಕ್ರವಾರ ಮೇಜು ಹಾಕಿಕೊಂಡು ಬೀದಿಬದಿ ಕೂತೆ.
ಒಬ್ಬಳು ತಾಯಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿ
"ಒಳ್ಳೇ ಕಾಟನ್ನು. ನಮ್ಮ ಶಾಲೆಯದಲ್ಲವಲ್ಲ" ಎಂದಳು.
ನಿಜವೇ. ಬೇರೆ ಶಾಲೆಯ ಅಂಗಿ
ಬೇರೆಯವರ ಪಾಸ್‌ಪೋರ್ಟಿನ ಹಾಗೆ,
ಅಳತೆ ಕೂಡಿದರೂ ಗೇಟು ದಾಟುವುದಿಲ್ಲ.

ಕೊನೆಗೆ ಬಂದವನು ದುರ್ ಮಹಮ್ಮದ್, ಬಲೂಚಿ,
ಕೈಯಲ್ಲಿ ಮೀನು ತೂಗುವಂಥ ಕೊಕ್ಕೆಯ ತಕ್ಕಡಿ.
ಅವನು ಎಣಿಸುವುದಿಲ್ಲ.
ಒಂದು ಕಟ್ಟು ಎತ್ತಿ, ಮುಳ್ಳು ನಿಲ್ಲುವ ತನಕ ಕಾದು,
"ಕಿಲೋಗೆ ಎರಡೂವರೆ ದಿರಮ್" ಅಂದ.
ಪುಟ್ಟ ಸೈಜಾದರೆ ಕಿಲೋಗೆ ಏಳು ಶರ್ಟು.
ಒಂದೊಂದಕ್ಕೂ ನನಗೆ ಬಿದ್ದದ್ದು ಹದಿನೆಂಟು.
ಬಾಪ ಬಂದರಿನಲ್ಲಿ ಬೂತಾಯಿ ಮಾರುತ್ತಿದ್ದಾಗ
ಹೊತ್ತು ಇಳಿದು, ಕೊನೆಯ ಬುಟ್ಟಿ
ತೆಂಗಿನ ಬುಡಕ್ಕೇ ಹೋಗುವುದೆಂದು ತಿಳಿದೂ
ಅರ್ಧ ತಾಸು ಚೌಕಾಸಿ ಮಾಡುತ್ತಿದ್ದರು.
ನಾನು "ಆಯ್ತು" ಅಂದೆ.

ಶಾಲೆಯಿಂದ ವಕೀಲರ ಕಾಗದ:
ಗುರುತಿರುವ ಒಂದು ತುಂಡೂ ಹೊರಗೆ ಹೋಗಕೂಡದು.
ಮೂರು ದಿನ ನಾನು ಮತ್ತು ನಿಲ್ಮಿಣಿ
ಎದುರುಬದುರು ಸ್ಟೂಲಿನಲ್ಲಿ, ನಡುವೆ ಬಿಸ್ಕಿಟಿನ ಡಬ್ಬ,
ಬ್ಲೇಡಿನ ತುದಿಯಲ್ಲಿ ಮರ ಕಡಿದೆವು.
ಗರಿ, ಕಾಂಡ, ಪುಸ್ತಕ, ಎರಡು ಗೆರೆ.
ದಾರ ಬಂತು, ತೂತು ಬರಲಿಲ್ಲ.
ಟ್ಯೂಬ್‌ಲೈಟಿಗೆ ಹಿಡಿದರೆ ಜೇಬಿನಲ್ಲಿ
ಬೆಳಕಿನ ಚುಕ್ಕಿಗಳದೇ ಒಂದು ಮರ.
"ತೊಳೆದರೆ ಕೂಡಿಕೊಳ್ಳುತ್ತೆ ಬಾಸ್" ಎಂದಳು
ಎಂಟು ವರ್ಷದಲ್ಲಿ ಒಂದೂ ಸುಳ್ಳು ಹೇಳದ ನಿಲ್ಮಿಣಿ.

ಬಿಚ್ಚುತ್ತಾ ಕಂಡದ್ದು: ಉಳಿದವೆಲ್ಲ
ಇಪ್ಪತ್ತೆರಡು, ಇಲ್ಲವೇ ಮೂವತ್ತೆಂಟು.
ನಡುವಿನವು ಹೇಗೋ ಖರ್ಚಾಗಿರುತ್ತವೆ.
ಕೆಜಿ ತರಗತಿಗೆ ಇನ್ನಷ್ಟು ಮಕ್ಕಳು ಸೇರಬಹುದು,
ದೊಡ್ಡ ಹುಡುಗರು ಹನ್ನೆರಡರ ತನಕ ಇಲ್ಲೇ ಇದ್ದು
ಎದೆ ಅಗಲವಾಗಬಹುದು ಎಂದು ಕತ್ತರಿಸಿದ್ದೆ.
ನನ್ನ ಅಂದಾಜಿನಂತೆ ಮಕ್ಕಳು ಬೆಳೆಯಲಿಲ್ಲ.
ಅಥವಾ ಬೆಳೆದರು, ಅಪ್ಪನ ವೀಸಾ ರದ್ದಾದ ಮೇಲೆ,
ಯಾವುದೋ ಊರಲ್ಲಿ, ಯಾವನೋ ಹೊಲಿದ ಬಣ್ಣದಲ್ಲಿ.
ಕೆಜಿಯವರ ಅಂಗಿ ಕೆಜಿ ಲೆಕ್ಕಕ್ಕೆ ಹೋಯಿತು.
ಒಟ್ಟು ಐನೂರ ನಲವತ್ತೇಳು. ಪಿಕಪ್ಪಿನವನಿಗೆ ನೂರೈವತ್ತು.

ಬಾಕಿ ವಸೂಲಿಗೆ ಶಾರ್ಜಾದ ಖಾರಿಗೆ ಹೋದಾಗ
ಬರ್ಬೆರಾಕ್ಕೆ ಹೊರಟ ಮರದ ಹಡಗಿನಲ್ಲಿ
ಫ್ರಿಜ್ಜು, ಟೈರು, ಅಕ್ಕಿಮೂಟೆಗಳ ಮೇಲೆ ನನ್ನ ಕಟ್ಟುಗಳು.
ಅದರ ಮೇಲೊಬ್ಬ ಕಚ್ಛಿ ಖಲಾಸಿ, ಮೂವತ್ತೆಂಟು ತೊಟ್ಟವನು.
ಭುಜದ ಹೊಲಿಗೆ ಭುಜದ ಮೇಲೇ ಕೂತಿತ್ತು.
(ಅದು ಎಲ್ಲರಿಗೂ ಬರುವ ಕೆಲಸವಲ್ಲ.)
ಜೇಬಿನಿಂದ ಒಂದೆಳೆ ದಾರ ಇಣುಕುತ್ತಿತ್ತು,
ನಾವು ಬಿಟ್ಟುಬಿಟ್ಟ ಪುಸ್ತಕದ ಗೆರೆ.
"ನಿಲ್ಲು" ಎಂದು ಹತ್ತಿ, ಬಗ್ಗಿ, ಹಲ್ಲಲ್ಲಿ ಕಚ್ಚಿ ತುಂಡರಿಸಿದೆ.
ಉಪ್ಪುಪ್ಪು.

ಅವನು ಬೆರಗಾಗಿ ನೋಡಿ ಕೇಳಿದ:
"ನೀನು ಹೊಲಿದದ್ದಾ? ಇದೇ ಸೈಜು ಇನ್ನೊಂದು ಸಿಗುತ್ತಾ?"

ಇದೆ ಮಾರಾಯ, ಬೇಕಾದಷ್ಟಿದೆ.
ನೀನು ಕೂತಿರುವುದೇ ಅದರ ಮೇಲೆ.