ತುಸು ಓರೆ

ರಿಯೋನಿಯ ಕೆಳಗಟ್ಟೆಯಲ್ಲಿ ಮೂರನೇ ಯಂತ್ರ
ನಿಂತು ಇವತ್ತಿಗೆ ಒಂಬತ್ತು ದಿನ.
ಬಾಗಿಲಾಚೆ ಹೊಳೆ ಗೊಣಗುತ್ತಿದೆ,
ಈಚೆ ಮಂಡಿಯೂರಿದ್ದಾನೆ ಮುದುಕ ಒತಿಯಾ
ಹನ್ನೆರಡು ಪ್ಯಾಡುಗಳ ಮುಂದೆ, ಕೈಯಲ್ಲಿ ಟಾರ್ಚು.
ಹನ್ನೊಂದಕ್ಕೆ ಏನೂ ಆಗಿಲ್ಲ.
ಏಳನೆಯದರ ಬಿಳಿಲೋಹ ಮಾತ್ರ
ಬೆರಳಲ್ಲಿ ಒರೆಸಿದ ಬೆಣ್ಣೆಯಂತೆ
ಅಂಚಿಗೆ ಹರಿದು ಹೆಪ್ಪುಗಟ್ಟಿದೆ.

"ಇನ್ನೂರು ಟನ್ನಿನ ರೋಟರು, ಖಾತುನಾ,
ಹೊತ್ತವರು ಯಾರು ಹೇಳು?"
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ
ಎಣ್ಣೆಯ ಎಳೆಯೊಂದನ್ನು ಜಗ್ಗಿ ತೋರಿಸುತ್ತಾನೆ.
ಅರ್ಧ ಕೂದಲಿನ ದಪ್ಪದ ಪೊರೆ.
ಲೋಹ ಲೋಹವನ್ನು ಮುಟ್ಟದೆ
ನಲವತ್ತು ವರ್ಷ ತಿರುಗಿದ್ದು ಅದರ ಮೇಲೆ.

ನನಗೆ ಗೊತ್ತು. ಪರೀಕ್ಷೆಯಲ್ಲಿ ಬರೆದು ಪಾಸಾದವಳು:
ಎರಡು ಮುಖ ಸಮಸಮ ನಿಂತರೆ
ಎಣ್ಣೆ ಸುಂಕ ಕಟ್ಟದೆ ಹಾದುಹೋಗುತ್ತದೆ,
ಏನನ್ನೂ ಎತ್ತುವುದಿಲ್ಲ.
ಒಂದು, ತುಸು ಓರೆಯಾಗಬೇಕು.
ಅಗಲದಲ್ಲಿ ನುಗ್ಗಿದ್ದು ಕಿರಿದಿನಲ್ಲಿ ಸಿಕ್ಕಿ
ಹೊರಬೀಳಲು ಒದ್ದಾಡುವ ಒತ್ತಡವೇ
ಹೆಗಲು ಕೊಡುವುದು.

ಒತಿಯಾ ಸಮೀಕರಣ ಓದಿದವನಲ್ಲ.
ನೀಲಿ ಬಳಿದು, ಕೆರೆದು, ಮತ್ತೆ ಬಳಿದು, ಕೆರೆದು,
ಬೆನ್ನಿನ ತಿರುಗುಣಿ ಸಲೀಸಾಗಿದೆಯೇ ಎಂದು
ಕಿರುಬೆರಳಲ್ಲಿ ಅಲುಗಿಸಿ ನೋಡುವವನು.
ಈಗ ಅನ್ನುತ್ತಾನೆ:
"ನನ್ನ ಕೈತಪ್ಪು ಅಂತ ಬರೆದುಬಿಡು.
ಮಾರ್ಚಿಗೆ ಹೇಗೂ ನಿವೃತ್ತಿ."

ಪೆನ್ನಿನ ಮುಚ್ಚಳ ಕಚ್ಚುತ್ತ ಸುಮ್ಮನಿದ್ದೆ.
ಹೊಸ ಎಣ್ಣೆ ತರಿಸಿದವಳು ನಾನು.
ಸೀಸೆಯಲ್ಲಿ ಎಷ್ಟು ಗಟ್ಟಿ ಅದು,
ಬಗ್ಗಿಸಿದರೂ ಬಿಗುಮಾನ!

ಆ ಸಂಜೆ ಅವನ ಮನೆಯಲ್ಲಿ, ಹೆಂಡತಿ ತ್ಸಿಯುರಿ
ದ್ರಾಕ್ಷಿರಸಕ್ಕೆ ಹಿಟ್ಟು ಬೆರೆಸಿ ಕಾಯಿಸುತ್ತಿದ್ದಳು,
ದಾರಕ್ಕೆ ಪೋಣಿಸಿದ ಆಕ್ರೋಟು ಅದ್ದಿ ತೂಗುಹಾಕಲು.
"ಬಿಟ್ಟರೆ ಸೌಟು ನೆಟ್ಟಗೆ ನಿಲ್ಲುತ್ತೆ,
ಜೋರಾಗಿ ತಿರುವು, ನೀರಾಗುತ್ತೆ. ಹಿಡಿ, ನೀನೇ ನೋಡು."

ಮೆಲ್ಲಗೆ ತಿರುವಿದೆ, ತೋಳು ಸೋಲುವ ಭಾರ.
ಬೇಗ ಬೇಗ ತಿರುವಿದೆ, ಬಿಟ್ಟುಕೊಟ್ಟಿತು.
ಎಷ್ಟು ಸುಲಭಕ್ಕೆ ಬಿಟ್ಟುಕೊಟ್ಟಿತೆಂದರೆ
ನನ್ನ ಕಿವಿ ಬಿಸಿಯಾದವು.

ಎಣ್ಣೆಯೊಳಗಿನ ಉದ್ದುದ್ದ ಸರಪಳಿಗಳು
ನಿಂತಾಗ ಸಿಕ್ಕುಸಿಕ್ಕು,
ಎಳೆದಾಗ ಬಾಚಿದ ತಲೆ.
ನನ್ನ ನಲವತ್ತು ಪುಟದ ಲೆಕ್ಕದಲ್ಲಿ
ಸ್ನಿಗ್ಧತೆಗೆ ಒಂದೇ ಸಂಖ್ಯೆ,
ಮೊದಲಿಂದ ಕೊನೆಯವರೆಗೆ ಕದಲದ್ದು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೇ.

ರಾತ್ರಿ ಹಾಗೇ ಬರೆದೆ. ಸಹಿ ಹಾಕಿದೆ.
ಒತಿಯಾ ಓದಿದ, ಮಡಚಿ ಕೊಟ್ಟ,
ಒಂದು ಮಾತೂ ಆಡಲಿಲ್ಲ.

ಹದಿನಾಲ್ಕನೇ ದಿನ ಹಳೇ ಎಣ್ಣೆ ತುಂಬಿ ಗೇಟು ತೆರೆದರು.
ನಿಂತದ್ದು ಹೊರಡುವ ಗಳಿಗೆಯೇ ಗಂಡಾಂತರ,
ಪೊರೆ ಇನ್ನೂ ಹುಟ್ಟಿರುವುದಿಲ್ಲ.
ಕವಚಕ್ಕೆ ಆನಿಸಿ ತಾನು ಆಲಿಸುವ ಮರದ ಕೋಲನ್ನು
ಮೊದಲ ಸಲ ನನ್ನ ಕೈಗಿಟ್ಟ.
ಗರ್ ಎಂದಿತು ಒಂದು ಸುತ್ತು, ಇನ್ನೊಂದು ಅರ್ಧ.
ಆಮೇಲೆ

"ಏನು ಕೇಳುತ್ತೆ?"
"ಏನೂ ಇಲ್ಲ."
"ಸರಿ," ಅಂದು ಊಟದ ಡಬ್ಬಿ ಬಿಚ್ಚಿದ.