ದಂಡದ ಟಪಾಲು

ಯುದ್ಧ ಯಾಕೆ ಶುರುವಾಯಿತೆಂದು ನನ್ನನ್ನು ಕೇಳುತ್ತಾರೆ,
ತಂತಿ ಬಡಿಯುವವನು, ತಿಳಿದಿರಬೇಕು ಎಂದು.
ನನಗೆ ತಿಳಿದದ್ದು ಪದಕ್ಕೆಷ್ಟು ದರ, ಅಷ್ಟೇ.

ದೂರದ ಪಟ್ಟಣದಲ್ಲಿ ಯಾವನೋ ಹುಡುಗ ಕಡ್ಡಿ ಗೀರಿದ,
ಒಪ್ಪಿದೆ.
ಬಣವೆ ಒಟ್ಟಿದವರು ಯಾರು?
ಕಂಡದ್ದನ್ನು ಹೇಳುತ್ತೇನೆ: ಅದಕ್ಕೆ ಎರಡು ವರ್ಷ ಮೊದಲು
ರೈಲು ಇಲಾಖೆಯ ಇಬ್ಬರು ಅಳತೆಪಟ್ಟಿ ಹಿಡಿದು ಬಂದು
ನಮ್ಮ ನಿಲ್ದಾಣದ ಕಟ್ಟೆಯನ್ನು ಉದ್ದ ಮಾಡಿಸಿದರು, ನಾನೂರು ಹೆಜ್ಜೆ.
ನಮ್ಮೂರಿಗೆ ಬರುತ್ತಿದ್ದುದೋ ದಿನಕ್ಕೊಂದು, ಎರಡೇ ಡಬ್ಬಿಯ ಗಾಡಿ.
ಯಾರೂ ಕೇಳಲಿಲ್ಲ. ನಾನೂ.
ಹೆಮ್ಮೆಯಿತ್ತು ನಮಗೆ; ಭಾನುವಾರ ಸಂಜೆ
ಹುಡುಗಿಯರು ಹೊಸ ರಿಬ್ಬನ್ನು ಕಟ್ಟಿ ಅದರ ಮೇಲೆ ಅಡ್ಡಾಡುತ್ತಿದ್ದರು,
ಪಾದ್ರಿ ಕೂಡ ಆ ಕೊನೆಯವರೆಗೆ ಹೋಗಿ ಕೊಡೆ ಊರಿ ನಿಲ್ಲುತ್ತಿದ್ದ.

ಗೋಧಿ ಕೊಯ್ಲಿಗೆ ಬಂದಿದ್ದ ಜುಲೈ. ಹೊಟ್ಟು ಹಾರಿ
ಮಸಿಕುಡಿಕೆಯಲ್ಲಿ ಬೀಳುತ್ತಿತ್ತು. ತಂತಿ ಬಂತು,
ಸರ್ಕಾರದ್ದು, ಪದ ಎಣಿಸುವಂತಿಲ್ಲ.
ಆಗ ಗೊತ್ತಾಯಿತು ಕಟ್ಟೆಯ ಉದ್ದ ಯಾವ ಲೆಕ್ಕದ್ದೆಂದು:
ಡಬ್ಬಿಗೆ ನಲವತ್ತು ಆಳು ಅಥವಾ ಆರು ಕುದುರೆ,
ಮೂವತ್ತು ಡಬ್ಬಿ, ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ.

ದಂಡು ಹೋಯಿತು. ದಂಡ ಉಳಿಯಿತು.

ನಡುವಿನ ನಾಲ್ಕು ವರ್ಷ ಬಿಡಿ, ಅದನ್ನು ಬರೆದವರು ಬೇಕಾದಷ್ಟು.
ನಾನು ಆಮೇಲಿನ ಗುಮಾಸ್ತ.
ಚಕ್ರವರ್ತಿಯ ಮುಖದ ಚೀಟಿಗಳು ಕಟ್ಟುಗಟ್ಟಲೆ ಉಳಿದಿದ್ದವು,
ಅವುಗಳ ಮೇಲೆ ಕಪ್ಪು ಮಸಿಯಲ್ಲಿ ಗಣರಾಜ್ಯದ ಹೆಸರು ಒತ್ತಿದೆ,
ಕಪ್ಪಿನ ಮೇಲೆ ಕೆಂಪಿನಲ್ಲಿ ಇನ್ನೊಬ್ಬ ದೊರೆಯದು.
ಮಸಿಯ ಸಂದಿಯಿಂದ ಮುದುಕನ ಮೀಸೆ ಕಾಣುತ್ತಲೇ ಇತ್ತು.
ಮೂರು ಬಾವುಟಕ್ಕೆ ಮೂರು ಸಲ ಪ್ರಮಾಣ ಮಾಡಿದೆ, ಇದೇ ಕೈಯೆತ್ತಿ.
ಪ್ಯಾರಿಸ್ಸಿನಲ್ಲಿ ದೊಡ್ಡವರು ನಕ್ಷೆ ಹಾಸಿ ಗೆರೆ ಎಳೆದರಂತೆ;
ಪೆನ್ಸಿಲು ಮೊಂಡಾಗಿತ್ತೋ, ಊಟದ ಹೊತ್ತಾಗಿತ್ತೋ,
ನಿಲ್ದಾಣ ಆ ದೇಶಕ್ಕೆ ಹೋಯಿತು, ಅಂಚೆಮನೆ ಈ ದೇಶಕ್ಕೆ,
ನಡುವಿನ ಬೀದಿ ಯಾರದ್ದೆಂದು ಇನ್ನೂ ಬರೆದು ಬಂದಿಲ್ಲ.
ನಮ್ಮ ಹೊಳೆಯ ಹೆಸರು ಬೇಗಾ. ಅದು ಮೊದಲಿನಷ್ಟೇ ನಿಧಾನ.
ಐವತ್ತೆರಡನೆಯ ವಯಸ್ಸಿಗೆ ಮೊಮ್ಮಗಳ ಸ್ಲೇಟು ಹಿಡಿದು
ಹೊಸ ಒಡೆಯರ ನುಡಿ ತಿದ್ದಿದೆ. ತಪ್ಪಿದರೆ ಕಿವಿ ಹಿಂಡುತ್ತಿದ್ದಳು.

ಮೊನ್ನೆ ಒಂದು ಕಾಗದ ಬಂತು, ವ್ಲಾದಿವೋಸ್ತೋಕಿನಿಂದ,
ದಾರಿಯಲ್ಲಿ ಹದಿನಾಲ್ಕು ತಿಂಗಳು, ಏಳು ಠಸ್ಸೆ.
ಅಪೊಲೋನಿಯಾಳ ಮಗ ವೆಂಡೆಲ್, ಸೆರೆಸಿಕ್ಕವನು;
ಸತ್ತನೆಂದು ಬಲಿಪೂಜೆಯೂ ಮುಗಿದಿತ್ತು.
ಟೋಪಿಯ ಅಸ್ತರಿನಲ್ಲಿ ಐದು ವರ್ಷ ಬಚ್ಚಿಟ್ಟಿದ್ದ
ಆ ಮುದುಕನ ಚೀಟಿಯನ್ನೇ ಅಂಟಿಸಿದ್ದಾನೆ, ಪೆದ್ದ.
ಇಲ್ಲದ ದೇಶದ ಚೀಟಿ ಚೀಟಿಯೇ ಅಲ್ಲ. ನಿಯಮ ಹದಿನೇಳು:
ಹಾಸಲಿನ ಎರಡರಷ್ಟು ದಂಡ, ಪಡೆಯುವವರಿಂದ.

ಹೆಬ್ಬಾತಿನ ಪುಕ್ಕ ಮೈಗೆಲ್ಲ ಅಂಟಿಸಿಕೊಂಡೇ ಓಡಿ ಬಂದಳು.
ಮೇಜಿನ ಮೇಲೆ ಸುರಿದದ್ದು ಕಬ್ಬಿಣದ ಕಾಸು,
ತಾಮ್ರವೆಲ್ಲ, ಇಗರ್ಜಿಯ ಗಂಟೆಯೂ, ಗುಂಡಾಗಿ ಹೋದ ಮೇಲೆ
ಟಂಕಿಸಿದ್ದು. ಈಗ ಚಲಾವಣೆಯಿಲ್ಲ.
ಎಣಿಸಿ ತೆಗೆದುಕೊಂಡೆ. ಸಲ್ಲದ ಚೀಟಿಗೆ ಸಲ್ಲದ ಕಾಸು.

ಓದು ಬಾರದು ಅವಳಿಗೆ. ನಾನೇ ಓದಿದೆ:
“ಅವ್ವಾ, ಹಡಗು ಬಂದಿದೆ. ಹತ್ತಬೇಕಾದರೆ ನಮೂನೆ ತುಂಬಬೇಕಂತೆ.
ಹೆಸರು ಬರೆದೆ, ಹುಟ್ಟಿದ ದಿನ ಬರೆದೆ.
ಯಾವ ದೇಶದವನು ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ.
ಯಾರನ್ನಾದರೂ ಕೇಳಿ ತಿಳಿಸು. ಬೂದು ಕುದುರೆ ಹೇಗಿದೆ?”

ಕುದುರೆ ಅವನು ಹೋದ ಗಾಡಿಯಲ್ಲೇ ಹೋಗಿತ್ತು,
ಎರಡು ಡಬ್ಬಿ ಹಿಂದೆ. ಅವನಿಗೆ ಯಾರೂ ಹೇಳಿರಲಿಲ್ಲ.
ಹಡಗು ಹೊರಟು ವರ್ಷವಾಗಿರಬೇಕು. ಅದನ್ನು ನಾನು ಅವಳಿಗೆ ಹೇಳಲಿಲ್ಲ.
ತಂತಿ ಕೊಡೋಣ ಎಂದೆ.
ಪದಕ್ಕೆಷ್ಟು, ಎಂದಳು.

ಲೇಖನಿ ಹಿಡಿದು ಕೂತಿದ್ದೇನೆ.
ಊರಿನ ಹೆಸರು ಹಾಕು ಸಾಕು, ಎನ್ನುತ್ತಾಳೆ,
ಊರು ಇಲ್ಲೇ ಇದೆಯಲ್ಲ.
ಯಾವ ಹೆಸರು, ಎಂದು ಕೇಳಲು ಬಾಯಿ ಬರುತ್ತಿಲ್ಲ.
ಕಿಟಕಿಯಾಚೆ, ಗೆರೆಯ ಆ ಕಡೆ, ಕಟ್ಟೆಯ ತುದಿಯಲ್ಲಿ
ಬೇರೆ ಸಮವಸ್ತ್ರದ ಇಬ್ಬರು ಬಗ್ಗಿ ಏನೋ ಅಳೆಯುತ್ತಿದ್ದಾರೆ.
ಹೊಟ್ಟು ಹಾರುತ್ತಿದೆ.
ಮಸಿಕುಡಿಕೆಗೆ ಅಂಗೈ ಮುಚ್ಚಿದ್ದೇನೆ.