ಎರಡು ಜೊತೆ ತೂತು

ಆಲ್ವಿನ್ ಸ್ಟಬ್ಸ್ ತೀರಿಕೊಂಡ ಮಂಗಳವಾರ
ಅವನ ಪಾರಿವಾಳಗಳಿಗೆ ಕಾಳು ಹಾಕಿ ಬಂದು
ಬಿಸ್ಕತ್ತಿನ ಡಬ್ಬಿಯಲ್ಲಿ ಉಯಿಲು ಕಂಡೆ.
ನಡೆಸಿಕೊಡಬೇಕಾದವಳು: ಹಿಲ್ಡಾ ಪಾಸ್ಕ್, ಪಕ್ಕದ ಮನೆ.
ಅಂದರೆ ನಾನು. ಒಂದು ಮಾತು ಕೇಳಿರಲಿಲ್ಲ ಪುಣ್ಯಾತ್ಮ.

ಗ್ರಿಮ್ಸ್ಬಿಯ ಹಡಗುಕಟ್ಟೆಯಲ್ಲಿ ನಲವತ್ತು ವರ್ಷ
ಕಾಡ್ ಮೀನಿನ ಮುಳ್ಳು ಬಿಡಿಸಿದ ಕೈ ನನ್ನದು;
ಒಂದು ಸ್ಟೇಪಲ್ ಪಿನ್ನು ಯಾವ ಲೆಕ್ಕ?
ಜೆರಾಕ್ಸಿಗೆಂದು ಕಿತ್ತೆ.

ಆಮೇಲೆ ಎಣಿಕೆ. ಮನೆ, ಗೋಡೆ ಗಡಿಯಾರ,
ಬಲೆ ಹೆಣೆಯುವ ಸೂಜಿ,
ಹಾಲಿನವನಿಗೆ ಕೊಡಬೇಕಾದ ಆರು ಪೌಂಡು,
ಪಾರಿವಾಳ ಹನ್ನೊಂದು.
ಹನ್ನೆರಡನೆಯದು ಫ್ರಾನ್ಸಿನಿಂದ ಇನ್ನೂ ಹಿಂತಿರುಗಿರಲಿಲ್ಲ;
ಬಾರದ ಹಕ್ಕಿಗೆ ಬೆಲೆ ಎಷ್ಟೆಂದು ಬರೆಯಲಿ?
ಬ್ಯಾಂಕಿನ ಹುಡುಗ ತಗ್ಗಿದ ದನಿಯಲ್ಲಿ ಅಂದ:
ಪ್ರೊಬೇಟ್ ಬರುವ ತನಕ ಒಂದು ಕಾಸೂ ಅಲುಗದು.
ಸತ್ತವನ ಮಾತು ಸತ್ತವನದೇ ಎಂದು
ಬದುಕಿದವರು ಮೊಹರು ಒತ್ತಬೇಕಂತೆ.

ಒಂಬತ್ತು ವಾರಕ್ಕೆ ಲಕೋಟೆ ಬಂತು.
ಒಳಗೆ ಮೊಹರಲ್ಲ, ಪ್ರಶ್ನೆ:
ಎಡಮೂಲೆಯಲ್ಲಿ ತೂತುಗಳಿವೆ. ಇಲ್ಲಿ ಏನು ಲಗತ್ತಾಗಿತ್ತು?
ಮತ್ತೊಂದು ಹಾಳೆಯೇ? ತಿದ್ದುಪಡಿಯೇ?
ಪ್ರಮಾಣ ಮಾಡಿ ತಿಳಿಸಿ.

ಕನ್ನಡಕ ಒರೆಸಿ ನಕಲು ನೋಡಿದೆ.
ಒಂದು ಜೊತೆ ನಾನು ಕಿತ್ತದ್ದು, ಸರಿ.
ಅದರ ಕೆಳಗೆ ಇನ್ನೊಂದು ಜೊತೆ,
ಹಾವು ಕಚ್ಚಿದ ಗುರುತಿನಂತೆ,
ಸುತ್ತ ತುಕ್ಕಿನ ನೆರಳು.

ಡಬ್ಬಿ ಸುರಿದೆ. ಗುಂಡಿ, ರಬ್ಬರು, ಹಳೆಯ ಪಂದ್ಯದ ಚೀಟಿ.
ಸಾಕ್ಷಿಗಳಿಬ್ಬರಲ್ಲಿ ಒಬ್ಬ ಸಮುದ್ರದ ಪಾಲು,
ಇನ್ನೊಬ್ಬಳು ಮರೆವಿನ ಪಾಲು:
ಆರೈಕೆಮನೆಯ ಕಿಟಕಿಯ ಬಳಿ ನನ್ನ ಕೈ ಹಿಡಿದು
ಕೇಳಿದಳು, ಆಲ್ವಿನ್‌ಗೆ ಮದುವೆಯಾಯಿತೇ?
ಇಲ್ಲ ಎಂದೆ.
ಅಯ್ಯೋ, ಹಾಗಾದರೆ ಅವನು ಅದನ್ನು ಕೊಡಲೇ ಇಲ್ಲ, ಎಂದಳು.
ಏನನ್ನು?
ಅಷ್ಟರಲ್ಲಿ ಚಹಾ ಬಂತು.

ವಕೀಲರ ಕೋಣೆಯಲ್ಲಿ ಬಲಗೈ ಎತ್ತಿದೆ.
ಮೇಲಿನ ಜೊತೆ ನನ್ನ ಕೈಯದು.
ಕೆಳಗಿನದು ನನಗೆ ಗೊತ್ತಿಲ್ಲ.
ಅಷ್ಟು ಸಾಕಂತೆ.
ಗೊತ್ತಿಲ್ಲವೆಂಬುದಕ್ಕೂ ಆಣೆ ಇಡಿಸಿಕೊಂಡು ನಂಬುತ್ತಾರೆ;
ನನಗೇ ಅದು ಒಗ್ಗಲಿಲ್ಲ, ಹಲ್ಲಿನ ಸಂದಿಯ ಮುಳ್ಳು.

ಮೊಹರು ಬಂತು. ಮನೆ ಮಾರಿದೆ.
ಹಲ್‌ನಿಂದ ಬಂದ ತಮ್ಮ ಗಡಿಯಾರ ಒಯ್ದ,
ಕೀಲಿಕೈ ಇಲ್ಲೇ ಮರೆತ.

ಮೂಲಪ್ರತಿ ಈಗ ಸರ್ಕಾರದ ಕಪಾಟಿನಲ್ಲಿದೆ.
ಚಿಲ್ಲರೆ ಶುಲ್ಕ ಕೊಟ್ಟರೆ ಯಾರು ಬೇಕಾದರೂ
ಅದರ ಪ್ರತಿ ತರಿಸಿ ಓದಬಹುದು:
ಮನೆ ಯಾರಿಗೆ, ಸೂಜಿ ಯಾರಿಗೆ.
ನಾನೂ ತರಿಸಿದ್ದೇನೆ,
ಬೆಳಕಿಗೆ ಹಿಡಿದು ನೋಡುತ್ತೇನೆ.
ಪ್ರತಿಯಲ್ಲಿ ತೂತು ಬರುವುದಿಲ್ಲ,
ಎರಡು ಕಪ್ಪು ಚುಕ್ಕೆ ಅಷ್ಟೆ,
ವಾಕ್ಯ ಮುಗಿಯುವ ಮೊದಲೇ ಇಟ್ಟ ಹಾಗೆ.